ಚಾವಿ ಇದ್ದಲ್ಲೇ ಇತ್ತು

ಕೋಗಿಲಬನದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾಳಿ ನದಿಯ ಮಂಜು ದಂಡೆ ಹತ್ತಿ ಹೋಮ್‌ಸ್ಟೇಯ ಅಂಗಳದವರೆಗೂ ಬಂದಿದೆ. ಅಂಗಳದಲ್ಲಿ ಐದು ಕಾರುಗಳು, ಸೊಂಟದೆತ್ತರ ಕೂಡ ಇಲ್ಲದವು, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದಂತೆ ನಿಂತಿವೆ. ಒಂದು ಕೆಂಪು, ಒಂದು ಬಿಳಿ, ಉಳಿದ ಮೂರರ ಬಣ್ಣಕ್ಕೆ ಇಲ್ಲಿಯ ಜನ ಇನ್ನೂ ಹೆಸರಿಟ್ಟಿಲ್ಲ. ಅರವತ್ತೊಂದು ವರ್ಷದ ಕಾಸಿಂಸಾಬ ನದಾಫ ಅವುಗಳ ನಡುವೆ ಬ್ಯಾಟರಿ ಹಿಡಿದು ನಡೆಯುತ್ತಿದ್ದಾರೆ. ಪ್ರತಿ ಕಾರಿನ ಮುಂದೆ ನಿಂತು, ಒಂದು ಕೈ ಮಂಡಿಗೆ ಊರಿ, ಬಗ್ಗಿ ಗಾಲಿ ನೋಡುತ್ತಾರೆ. ಕಾರನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅದು ಊರೆಲ್ಲ ಕೇಳುವ ಹಾಗೆ ಕೂಗುತ್ತದೆ.

ಮುಂದಿನ ಗಾಲಿಯ ಮೇಲೆ ಸೀಮೆಸುಣ್ಣದ ಒಂದು ಗೆರೆ ಇದೆ. ಅದು ಟೈರಿನಿಂದ ಇಳಿದು ಕೆಳಗಿನ ಫರಸಿಗಲ್ಲಿನ ಮೇಲೆ ಒಂದು ಗೇಣು ಮುಂದುವರಿಯುತ್ತದೆ. ಟೈರಿನ ಗೆರೆಯೂ ಕಲ್ಲಿನ ಗೆರೆಯೂ ಕೂಡಿಕೊಂಡಿದ್ದರೆ ಕಾರು ಒಂದು ಬೆರಳಿನಷ್ಟೂ ಕದಲಿಲ್ಲ ಎಂದು ಅರ್ಥ.

“ಗಾಡಿ ಐತೋ ಇಲ್ಲೋ ಅನ್ನೂದು ದೂರದಿಂದನೂ ಕಾಣತೈತ್ರಿ,” ಎನ್ನುತ್ತಾರೆ ಕಾಸಿಂಸಾಬರು. “ಆದ್ರ ದೂರ ನಿಂತು ನೋಡಿ ಸುಮ್ನಾಗೂ ಚಟಾ ನಂಗ ಬಿಡಬೇಕಾಗಿತ್ತು. ಖಡುಲೆ ಗೆರಿ ಹಾಕಿದ್ರ ಹತ್ರ ಹೋಗಬೇಕು, ಬಗ್ಗಬೇಕು. ಸೊಂಟಾ ನೋಯ್ತೈತಿ. ನೋಯ್ಲಿ.”

ಐದೂ ಗಾಲಿ ನೋಡಿದ ಮೇಲೆ ಹೆಗಲ ಚೀಲದಿಂದ ಹಳೆಯ ಬಿಸ್ಕೀಟಿನ ತಗಡಿನ ಡಬ್ಬಿ ತೆಗೆಯುತ್ತಾರೆ. ಒಳಗೆ ಐದು ಚಾವಿಗಳು, ಅವುಗಳ ಅಡಿಯಲ್ಲಿ ಮಡಿಸಿಟ್ಟ ಎರಡು ಕಾಗದ. ಚಾವಿ ಎಣಿಸಿ, ಮುಚ್ಚಳವನ್ನು ಅಂಗೈಯಿಂದ ಒತ್ತಿ ಮುಚ್ಚುತ್ತಾರೆ. “ಮೊದಲ ಗಾಲಿ, ಆಮ್ಯಾಲೆ ಚಾವಿ. ಮುಂಚೆ ಇದು ಉಲ್ಟಾ ಇತ್ತು.”

ದಾಂಡೇಲಿಯ ಕಾಗದ ಗಿರಣಿಯ ಗೇಟಿನಲ್ಲಿ ಅವರು ಇಪ್ಪತ್ತೆರಡು ವರ್ಷ ಗುತ್ತಿಗೆಯ ಕಾವಲುಗಾರರಾಗಿದ್ದರು. ಬಿದಿರು ಹೊತ್ತು ಬಂದ ಲಾರಿಗಳು ಒಳಗೆ ಸರದಿಗೆ ನಿಲ್ಲುವಾಗ ಚಾಲಕರು ಚಾವಿಯನ್ನು ಗೇಟಿನಲ್ಲಿ ಬಿಟ್ಟು ಹೋಗುತ್ತಿದ್ದರು. ಸಾಗವಾನಿ ಹಲಗೆಯೊಂದರ ಮೇಲೆ ಸಾಲಾಗಿ ಮೊಳೆ, ಮೊಳೆಗೊಂದು ನಂಬರು. ಅವರ ಕಾವಲುಗಾರಿಕೆಯ ಇಡೀ ಶಾಸ್ತ್ರ ಆ ಹಲಗೆಯಲ್ಲಿತ್ತು. “ಹಲಗಿ ಮ್ಯಾಲೆ ಚಾವಿ ಐತಿ ಅಂದ್ರ ಲಾರಿ ಒಳಗೈತಿ. ಲಾರಿ ಹುಡಕ್ಕೋಂತ ಹೋಗೂ ಜರೂರೇ ಇರ್ಲಿಲ್ಲ. ಇಪ್ಪತ್ತೆರಡು ವರ್ಷದಾಗ ಒಮ್ಮೆನೂ ಹಲಗಿ ಸುಳ್ಳು ಹೇಳ್ಲಿಲ್ರಿ.”

ಗುತ್ತಿಗೆದಾರ ಬದಲಾದಾಗ ಕಾಸಿಂಸಾಬರ ಕೆಲಸ ಹೋಯಿತು. ಹಳೆಯ ಹಲಗೆಯನ್ನು ಯಾರೂ ಕೇಳಲಿಲ್ಲ. ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಸೂಪಾ ದಾರಿಯ ಒಂದು ರೆಸಾರ್ಟಿಗೆ ಕಾವಲಿಗೆ ಸೇರಿದರು. ನದಿಯಲ್ಲಿ ರಬ್ಬರ್ ದೋಣಿ ಹತ್ತಲು ಬರುವ ಪ್ರವಾಸಿಗರ ಕಾರುಗಳ ಚಾವಿಗಳು ಲಾರಿ ಚಾವಿಗಳ ಮೊಳೆಗೆ ಬಂದವು. ಆಮೇಲಾಮೇಲೆ ಚಳಿಗಾಲದ ಶನಿವಾರಗಳಲ್ಲಿ ಗೋವೆಗೆ ಹೊರಟ ಸ್ಪೋರ್ಟ್ಸ್ ಕಾರುಗಳ ಸಾಲು ಬರತೊಡಗಿತು. ಹಳಿಯಾಳದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಎರಡು ತಾಸು ತೆವಳಿ, ಪ್ರತಿ ಉಬ್ಬಿನಲ್ಲೂ ಹೊಟ್ಟೆ ಕೆರೆಸಿಕೊಂಡು ಬಂದು, ಒಂದು ರಾತ್ರಿ ಕಾಡಿನಲ್ಲಿ ತಂಗಿ ಹೋಗುವ ಕಾರುಗಳು. ಜಾಗ ಇಕ್ಕಟ್ಟು, ಹಿಂದಿನ ಕಾರು ತೆಗೆಯಲು ಮುಂದಿನದನ್ನು ಸರಿಸಬೇಕು. ಹಾಗಾಗಿ ಚಾವಿಗಳನ್ನು ಕಾವಲು ಕೋಣೆಯಲ್ಲಿ ಕೊಡಬೇಕು ಎಂಬುದು ಅಲ್ಲಿಯ ನಿಯಮ.

ಎರಡು ವರ್ಷದ ಹಿಂದಿನ ಜನವರಿ. ಅಂದೂ ಐದು ಕಾರು. ಅದರಲ್ಲೊಂದು ಹಳದಿ, ಬೆಂಗಳೂರಿನ ವ್ಯಾಪಾರಿಯೊಬ್ಬರದು. ವಿಮೆ ಪತ್ರದಲ್ಲಿ ಅದರ ಮೌಲ್ಯ ಮೂರು ಕೋಟಿ ನಲವತ್ತು ಲಕ್ಷ; ಒಂದು ವರ್ಷದ ವಿಮೆಯ ಕಂತೇ ಕಾಸಿಂಸಾಬರ ಐದು ವರ್ಷದ ಸಂಬಳ. ಬೆಳಗಿನ ಜಾವ ಅವರು ನದಿ ಬದಿಯ ಕೊಠಡಿಗಳ ಕಡೆ ಸುತ್ತು ಹಾಕುತ್ತಿದ್ದಾಗ ಎಂಜಿನ್ನಿನ ಸದ್ದು ಕೇಳಿಸಿತು. ಓಡಿದರು. ಆದರೆ ಓಡಿದ್ದು ಕಾರುಗಳ ಕಡೆಗಲ್ಲ, ಹಲಗೆಯ ಕಡೆಗೆ.

“ಐದೂ ಚಾವಿ ಇದ್ದಲ್ಲೇ ಇದ್ವು. ಹಳದಿ ಗಾಡೀದು ಮೂರನೇ ಮೊಳಿಗೆ ನೇತಾಡತಿತ್ತು. ರಸ್ತಾದ ಮ್ಯಾಲೆ ಯಾವುದೋ ಗಾಡಿ ಹೋತು ಅನ್ಕೊಂಡೆ. ಕುಂತು ಒಂದು ಬೀಡಿ ಸೇದಿದೆ, ಸಾಹೇಬ್ರ.” ಅವರೇ ಸೇರಿಸುತ್ತಾರೆ, “ಆ ಬೀಡಿ ಬಗ್ಗೆ ಯಾರೂ ಕೇಳ್ಲಿಲ್ಲ. ನಾನಽ ಹೇಳಾಕತ್ತೇನಿ.”

ನಮಾಜು ಮುಗಿಸಿ ಕಾರುಗಳ ಕಡೆ ಹೋದಾಗ ನಾಲ್ಕು ಕಾರು ಇಬ್ಬನಿಗೆ ಒದ್ದೆಯಾಗಿ ನಿಂತಿದ್ದವು. ಐದನೆಯದರ ಜಾಗದಲ್ಲಿ ಕಾರಿನಷ್ಟೇ ಉದ್ದಗಲದ ಒಣ ನೆಲವಿತ್ತು.

ಆಗಿದ್ದೇನು ಎಂಬುದನ್ನು ಅವರಿಗೆ ತಿಳಿಸಿಕೊಟ್ಟವರು ವಿಮಾ ಕಂಪನಿಯ ಪರವಾಗಿ ಧಾರವಾಡದಿಂದ ಬಂದ ತನಿಖೆದಾರ ಕರಿಬಸಪ್ಪ. ಈ ಕಾರುಗಳ ಚಾವಿ ತೂತಿಗೆ ಹಾಕಿ ತಿರುಗಿಸುವಂಥದ್ದಲ್ಲ. ಅದು ಸದಾ ಸಣ್ಣ ದನಿಯಲ್ಲಿ ಸಂಕೇತ ಕಳಿಸುತ್ತಿರುತ್ತದೆ. ಚಾವಿ ಹತ್ತಿರ ಬಂದರೆ ಕಾರು ತಾನೇ ತೆರೆದುಕೊಳ್ಳುತ್ತದೆ. ಕಳ್ಳರಲ್ಲಿ ಒಬ್ಬ ಕಾವಲು ಕೋಣೆಯ ಗೋಡೆಗೆ ಒಂದು ಯಂತ್ರ ಹಿಡಿದು ಆ ಸಂಕೇತವನ್ನು ಹಿಗ್ಗಿಸಿದ್ದಾನೆ. ಐವತ್ತು ಹೆಜ್ಜೆ ಆಚೆ ಇನ್ನೊಬ್ಬನ ಕೈಯಲ್ಲಿದ್ದ ಯಂತ್ರ ಅದನ್ನು ಕಾರಿಗೆ ಮುಟ್ಟಿಸಿದೆ. ಒಡೆಯನೇ ಬಂದನೆಂದು ಕಾರು ಬಾಗಿಲು ತೆರೆದಿದೆ. ಕೂಗಲೇ ಇಲ್ಲ. ಜೋಯಿಡಾ ದಾಟಿದ ಮೇಲೆ ಅದನ್ನು ಲಾರಿಗೆ ಏರಿಸಿರಬೇಕೆಂಬುದು ಪೊಲೀಸರ ಊಹೆ. ಕಾರಿನಲ್ಲಿದ್ದ ಜಾಡು ಹೇಳುವ ಯಂತ್ರ ಗೋವೆಯ ಗಡಿಯ ಅನಮೋಡ ಘಾಟಿನ ಬಳಿ ಕೊನೆಯ ಬಾರಿ ಮಾತಾಡಿ ಸುಮ್ಮನಾಯಿತು.

“ಚಾವಿ ಗ್ವಾಡಿಗೆ ತೂಗುಹಾಕೂದು ಅಂದ್ರ ಈ ಗಾಡಿಗೆ ಬಾಗ್ಲಾ ತಗದಿಟ್ಟಂಗ,” ಎನ್ನುತ್ತಾರೆ ಕರಿಬಸಪ್ಪ. “ತಗಡಿನ ಡಬ್ಬಿಯಾಗ ಇಟ್ಟಿದ್ರ ಸಾಕಾಗಿತ್ತು, ಸಂಕೇತ ಹೊರಗ ಬರ್ತಿರ್ಲಿಲ್ಲ. ಆದ್ರ ಅದನ್ನ ಅವ್ರಿಗೆ ಯಾರು ಹೇಳಿದ್ರು? ಗಾಡಿ ಮಾರಾವ್ರು ಹೇಳ್ಲಿಲ್ಲ, ಮಾಲಕ್ರು ಹೇಳ್ಲಿಲ್ಲ, ವಿಮಾ ಮಾಡಿಸಿದವ್ರೂ ಹೇಳ್ಲಿಲ್ಲ.”

ಕರಿಬಸಪ್ಪ ಬರುವ ಹಿಂದಿನ ದಿನ ಹಳದಿ ಕಾರಿನ ಮಾಲೀಕರು ಕಾಸಿಂಸಾಬರನ್ನು ಬದಿಗೆ ಕರೆದಿದ್ದರು. ಚಾವಿ ಮಾಲೀಕರ ಕೊಠಡಿಯಲ್ಲಿ, ಅವರ ಜೇಬಿನಲ್ಲೇ ಇತ್ತು ಎಂದು ಹೇಳು ಎಂದರು. ಪರರ ವಶಕ್ಕೆ ಕೊಟ್ಟಿದ್ದು ಗೊತ್ತಾದರೆ ‘ಮಾಲೀಕ ತಕ್ಕ ಎಚ್ಚರ ವಹಿಸಿಲ್ಲ’ ಎಂದು ಕಂಪನಿ ತಕರಾರು ತೆಗೆಯುತ್ತದೆ ಎಂಬ ಭಯ ಅವರಿಗೆ. ಮರುದಿನ ಕಾಸಿಂಸಾಬರು ತನಿಖೆದಾರರನ್ನು ನೇರ ಹಲಗೆಯ ಮುಂದೆ ನಿಲ್ಲಿಸಿದರು. ಮೂರನೆಯ ಮೊಳೆ ತೋರಿಸಿದರು. ರಾತ್ರಿಯಿಡೀ ಚಾವಿ ಇಲ್ಲೇ ಇತ್ತು, ನಾನು ಸುತ್ತು ಹಾಕಿದಾಗಲೆಲ್ಲ ನೋಡಿದ್ದೇನೆ ಎಂದು ಬರೆಸಿ ಸಹಿ ಮಾಡಿದರು.

ಸತ್ಯ ಹೇಳಬೇಕೆಂಬ ಹಟವಿತ್ತೇ? ಅವರು ತಲೆಯಾಡಿಸುತ್ತಾರೆ. “ಸತ್ಯ ಗಿತ್ಯ ಏನಿಲ್ರಿ. ಚಾವಿ ನನ್ನ ಹತ್ರ ಇರ್ಲಿಲ್ಲ ಅಂದ್ರ ನಾ ಎದ್ರ ಕಾವಲುಗಾರ? ಚಾವಿ ಕಳೀಲಿಲ್ಲಲ್ಲಾ ಅಂತ ನಂಗ ಹೆಮ್ಮಿ ಇತ್ತು.”

ಆ ಹೆಮ್ಮೆಯ ಸಹಿ ಎಲ್ಲವನ್ನೂ ತೀರ್ಮಾನಿಸಿತು. ಕಂಪನಿ ಪೂರ್ತಿ ಪರಿಹಾರ ಕೊಡದೆ ಕಾಲು ಭಾಗ ಮುರಿದುಕೊಂಡಿತು. ರೆಸಾರ್ಟು ಕಾಸಿಂಸಾಬರನ್ನು ಅದೇ ವಾರ ಮನೆಗೆ ಕಳಿಸಿತು. ಕಾರಿನ ಮಾಲೀಕರು ಪೊಲೀಸ್ ದೂರಿಗೆ ಒಂದು ಸಾಲು ಸೇರಿಸಿದರು: ‘ಕಾವಲುಗಾರನ ಮೇಲೆ ಸಂಶಯವಿದೆ.’ ಮೂರು ದಿನ ಠಾಣೆಯಲ್ಲಿ ಕೂರಿಸಿ ಕೇಳಿದರು. ಏನೂ ಸಿಗಲಿಲ್ಲ, ಬಿಟ್ಟರು. ಸಾಲು ಮಾತ್ರ ಉಳಿಯಿತು.

ಅವರ ಹೆಂಡತಿ ಗುಲ್ಶನ ಇದೇ ಹೋಮ್‌ಸ್ಟೇಯ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಗಂಡನ ಮಾತು ನಿಂತಲ್ಲಿ ಅವರದು ಶುರುವಾಗುತ್ತದೆ. “ಮಿಲ್ಲಿನಾಗ ಇಷ್ಟು ವರ್ಷ ದುಡಿದ್ರು, ಮಕ್ಕಳಿಗೆ ಬರ್ಯಾಕ ಒಂದು ಹಾಳಿ ತರ್ಲಿಲ್ಲ ಈ ಮನಷ್ಯಾ. ಈಗ ಮೂರು ಕೋಟಿ ಗಾಡಿ ಕದ್ದಾರಂತ! ಕದ್ದಿದ್ರ ನಾ ಇಲ್ಲಿ ಹೊಗಿಯಾಗ ಕುಂದರ್ತಿದ್ನೇನ್ರಿ? ಇವ್ರಿಗೆ ಸೈಕಲ್ ಬಿಟ್ಟು ಬ್ಯಾರೆ ಏನೂ ಹೊಡ್ಯಾಕ ಬರಂಗಿಲ್ಲ.”

“ಅದನ್ನೂ ಠಾಣ್ಯಾಗ ಹೇಳಿದ್ಲು ಈಕಿ,” ಎಂದು ಕಾಸಿಂಸಾಬರು ನಗುತ್ತಾರೆ. “ಪೊಲೀಸ್ರೂ ನಕ್ರು. ನಕ್ಕು, ನಾಳೆ ಮತ್ತ ಬಾ ಅಂದ್ರು.”

ಡಬ್ಬಿಯಲ್ಲಿರುವ ಎರಡು ಕಾಗದಗಳಲ್ಲಿ ಒಂದು ಠಾಣೆಯದು. ಕಾರು ಪತ್ತೆಯಾಗಿಲ್ಲ, ಕಳ್ಳರೂ ಪತ್ತೆಯಾಗಿಲ್ಲ ಎಂಬ ವರದಿಯ ಝೆರಾಕ್ಸು. ಅದಿಲ್ಲದೆ ವಿಮಾ ಕಂಪನಿ ಹಣ ಬಿಡುವುದಿಲ್ಲ. ಆದ್ದರಿಂದ ಮಾಲೀಕರಿಗೆ ಅದು ಐದು ತಿಂಗಳಲ್ಲಿ ಸಿಕ್ಕಿತು. ಕರಿಬಸಪ್ಪ ಒಂದು ಪ್ರತಿ ಮಾಡಿ ಕಾಸಿಂಸಾಬರಿಗೆ ಕೊಟ್ಟರು. ಹಳಿಯಾಳದ ಭದ್ರತಾ ಏಜೆನ್ಸಿಯೊಂದರಲ್ಲಿ ಗೋದಾಮಿನ ಕಾವಲು ಕೆಲಸ ಖಾಲಿ ಇದ್ದಾಗ ಅವರು ಅದನ್ನೇ ಹಿಡಿದುಕೊಂಡು ಹೋಗಿದ್ದರು. ಏಜೆನ್ಸಿಯವರು ಕೇಳಿದ್ದು ಪೊಲೀಸರ ನಡತೆ ಪ್ರಮಾಣಪತ್ರ. ಠಾಣೆಯಲ್ಲಿ ಮೂರು ಸಲ ಅರ್ಜಿ ಹಾಕಿದರು. ಮೂರು ಸಲವೂ ಒಂದೇ ಉತ್ತರ: ದೂರಿನಲ್ಲಿ ನಿನ್ನ ಮೇಲೆ ಸಂಶಯ ಇದೆ, ದೂರು ಕೊಟ್ಟವರು ಸಂಶಯ ಇಲ್ಲ ಅಂತ ಬರೆದುಕೊಟ್ಟರೆ ನೋಡೋಣ.

“ಗಾಡಿ ಸಿಗಲಿಲ್ಲ ಅಂತ ಕಾಗದಾ ಕೊಟ್ರು. ಕಳ್ಳಾ ನಾನಲ್ಲ ಅಂತ ಒಂದು ಕಾಗದಾ ಕೊಡಾಕ ಆಗವಲ್ದು.”

ಪ್ರಮಾಣಪತ್ರ ಇಲ್ಲದವರಿಗೆ ಕೆಲಸ ಇಲ್ಲವೆಂದೇನಿಲ್ಲ, ಹೆಸರಿರುವುದಿಲ್ಲ, ಅಷ್ಟೆ. ಕೋಗಿಲಬನದ ಈ ಹೋಮ್‌ಸ್ಟೇ ನಡೆಸುವ ಸುವರ್ಣಾ ಅವರು ಕಾಸಿಂಸಾಬರನ್ನು ಇಟ್ಟುಕೊಂಡಿದ್ದಾರೆ, ಹಾಜರಿ ಪುಸ್ತಕದಲ್ಲಿ ಬರೆದುಕೊಂಡಿಲ್ಲ. “ಚಾಚಾನ ಮ್ಯಾಲೆ ನಂಗ ಸಂಶೇ ಇಲ್ರಿ,” ಎನ್ನುತ್ತಾರೆ. “ಆದ್ರ ನಾಳೆ ಏನರ ಆದ್ರ ವಿಮಾದವ್ರು ಕಾವಲಿಗೆ ಯಾರಿದ್ರು ಅಂತ ಕೇಳ್ತಾರ. ಇವ್ರ ಹೆಸರು ಬರದ್ರ ನನ್ನ ಕಥಿ ಮುಗೀತು.” ದಿನಕ್ಕೆ ಹನ್ನೆರಡು ತಾಸು, ತಾಸಿಗೊಂದು ಸುತ್ತು, ಮೊದಲಿನ ಅರ್ಧ ಸಂಬಳ. ಪುಸ್ತಕದ ಪ್ರಕಾರ ಈ ಕಾರುಗಳನ್ನು ಯಾರೂ ಕಾಯುತ್ತಿಲ್ಲ.

ಎರಡನೆಯ ಕಾಗದ ಹಳಿಯಾಳ ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಟೈಪು ಮಾಡಿಸಿದ್ದು. ಎರಡೇ ಸಾಲು: ಕಾಸಿಂಸಾಬ ಮೌಲಾಸಾಬ ನದಾಫ ಇವರ ಮೇಲೆ ನನಗೆ ಯಾವ ಸಂಶಯವೂ ಉಳಿದಿಲ್ಲ. ಕೆಳಗೆ ಸಹಿಗೆ ಜಾಗ. ಹಳದಿ ಕಾರಿನ ಮಾಲೀಕರಿಗೆ ಅದನ್ನು ಎರಡು ಸಲ ಅಂಚೆಯಲ್ಲಿ ಕಳಿಸಿದರು. ಉತ್ತರ ಬರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಾಲೀಕರೇ ಈ ಹೋಮ್‌ಸ್ಟೇಗೆ ಬಂದರು. ಕಿತ್ತಳೆ ಬಣ್ಣದ ಹೊಸ ಕಾರು, ಹೊಸ ವಿಮೆ. ಕಾಸಿಂಸಾಬರ ಮುಖ ನೋಡದೆ ಚಾವಿ ಅವರ ಅಂಗೈಗೆ ಹಾಕಿ ಒಳಗೆ ಹೋದರು. ಆ ರಾತ್ರಿ ಕಾಸಿಂಸಾಬರು ತಾಸಿಗೊಂದರ ಬದಲು ಎರಡು ಸುತ್ತು ಹಾಕಿದರು. ಬೆಳಿಗ್ಗೆ ಏಳಕ್ಕೆ ಚಾವಿಯ ಜೊತೆ ಕಾಗದವನ್ನೂ ಮುಂದೆ ಹಿಡಿದರು.

“ನಾನ್ರಿ ಸಾಹೇಬ್ರ, ಕಾಸಿಂಸಾಬ. ಹಳದಿ ಗಾಡಿ.”

ಮಾಲೀಕರು ಕಾಗದ ಓದಿದರು. ಆಮೇಲೆ ಮೊದಲು ನೋಡಿದ್ದು ಕಾರನ್ನು. ಒಂದು ಸುತ್ತು ಹಾಕಿ, ಬಾಗಿಲೆಳೆದು, ಒಳಗೆ ಕಣ್ಣಾಡಿಸಿ ಬಂದರು. “ಇದಕ್ಕೆ ಸೈನ್ ಹಾಕಿದ್ರೆ ಇನ್ಶೂರೆನ್ಸ್‌ನವರು ನನ್ನನ್ನೇ ಕೇಳ್ತಾರಪ್ಪ, ಆಗ ಯಾಕೆ ಹಾಗೆ ಬರೆದ್ರಿ ಅಂತ,” ಎಂದು ಕಾಗದ ವಾಪಸು ಕೊಟ್ಟರು. ಹೊರಡುವಾಗ ಗಾಲಿಯ ಕಡೆ ಬೆರಳು ತೋರಿಸಿದರು. “ಏನ್ರೀ ಇದು, ಟೈರ್ ಮೇಲೆ? ಒರೆಸಿ.”

ಕಾಸಿಂಸಾಬರು ಕುಕ್ಕರಗಾಲಲ್ಲಿ ಕೂತು ಹೆಗಲ ಟವೆಲ್ಲಿನಿಂದ ಒರೆಸಿದರು.

ಈಗ ಬಿಸಿಲು ಬಿದ್ದಿದೆ. ಗುಲ್ಶನ ತಂದುಕೊಟ್ಟ ಚಹಾ ಕುಡಿದು ಕಾಸಿಂಸಾಬರು ಡಬ್ಬಿಯೊಳಗಿನ ಕಾಗದಗಳನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಿಸುತ್ತಾರೆ. ಪತ್ರಿಕೆಗೆ ಏನು ಬರೆಯಬೇಕು ಎಂದು ಕೇಳಿದರೆ ಅಂಗಳದ ತುದಿಯ ಒಂದು ಫರಸಿಗಲ್ಲಿನ ಕಡೆ ಕೈ ತೋರಿಸುತ್ತಾರೆ. ಡಿಸೆಂಬರಿನಲ್ಲಿ ಕಿತ್ತಳೆ ಕಾರು ನಿಂತಿದ್ದ ಜಾಗ ಅದು.

“ಟೈರಿಂದು ಅಷ್ಟಽ ಒರಸು ಅಂದಿದ್ರು, ಅಷ್ಟಽ ಒರಸೀನಿ. ಕಲ್ಲಿನ ಮ್ಯಾಲಿನ ಅರ್ಧ ಗೆರಿ ಹಂಗಽ ಬಿಟ್ಟೇನಿ. ಅಲ್ಲಿ ಬ್ಯಾರೆ ಗಾಡಿ ನಿಂದ್ರಸಿಲ್ಲ. ಅಳಿಸಿದಂಗೆಲ್ಲಾ ತಿದ್ತೇನಿ.” ಲೋಟ ಕೆಳಗಿಡುತ್ತಾರೆ. “ನಿಮ್ಮ ಪೇಪರಿನಾಗ ಒಂದಽ ಮಾತು ಬರೀರಿ. ನನ್ನ ಹೆಸರು, ನಮ್ಮಪ್ಪನ ಹೆಸರು, ಅಡ್ಡಹೆಸರು ಎಲ್ಲಾ ಹಾಕಿ ಬರೀರಿ. ಡಿಸೆಂಬರದಾಗ ಆ ರಾತ್ರಿ ಅವರ ಹೊಸಾ ಗಾಡಿ ನನ್ನ ಕಾವಲಿನಾಗಿತ್ತು. ಮುಂಜಾನೆ ಇದ್ದಲ್ಲೇ ಇತ್ತು. ಕತ್ತರಿಸಿ ಈ ಡಬ್ಬಿಯಾಗ ಇಟ್ಕೋತೇನಿ.”