ಹನ್ನೆರಡು ತೂತಿನ ಕಂಬ

ಪಾಲಿಕೆ ಕಚೇರಿಯ ಎರಡನೇ ಮಹಡಿಯಲ್ಲಿ, ಹಳೆಯ ಕಡತಗಳ ಕೋಣೆಗೂ ತಾರಸಿಗೆ ಹತ್ತುವ ಮೆಟ್ಟಿಲಿಗೂ ನಡುವೆ, ಒಂದು ಬಾಗಿಲ ಮೇಲೆ 'ಅಂತರರಾಷ್ಟ್ರೀಯ ಸೋದರಿ ನಗರಗಳ ಶಾಖೆ' ಎಂದು ಬರೆದಿದೆ. ಹೆಸರು ಓದಿದವರು ಒಳಗೆ ಹತ್ತು ಜನವಾದರೂ ಕೂತಿರಬೇಕು ಅಂದುಕೊಳ್ಳುತ್ತಾರೆ. ಒಳಗಿರುವುದು ಒಂದು ಮೇಜು, ಒಂದು ಕಬ್ಬಿಣದ ಬೀರು, ಅಂಗೈ ಅಗಲದ ಹನ್ನೆರಡು ಬಾವುಟ, ಒಬ್ಬ ಹೆಂಗಸು. ದೂರದೂರದ ಊರುಗಳ ಸಂಬಂಧ ನಿಭಾಯಿಸುವ ಕೆಲಸವಾದ್ದರಿಂದ ಕಚೇರಿಯಲ್ಲೆಲ್ಲ ಆಕೆಗೆ ಬೀಗರಮ್ಮ ಎಂದೇ ಹೆಸರು. "ಬೀಗರಮ್ಮ, ಈ ವರ್ಷ ನಿಮ್ಮ ಬೀಗರು ಏನು ಕಳಿಸಿದ್ರು?" ಎಂದು ತೆರಿಗೆ ವಿಭಾಗದವರು ಕಾಲೆಳೆಯುತ್ತಾರೆ. "ಕ್ಯಾಲೆಂಡರ್ ಕಳಿಸಿದ್ದಾರೆ, ಹೋದ ವರ್ಷದ್ದು," ಎನ್ನುತ್ತಾಳೆ ಬೀಗರಮ್ಮ. ಅವರು ನಗುತ್ತಾರೆ. ಆಕೆ ಹೇಳಿದ್ದು ನಿಜ.

ಈ ಶಾಖೆಗೆ ಬರುವ ಮುಂಚೆ ಬೀಗರಮ್ಮ ಹನ್ನೊಂದು ವರ್ಷ ಜನನ ಮರಣ ನೋಂದಣಿಯ ಕಿಟಕಿಯಲ್ಲಿ ಕೂತಿದ್ದವಳು. ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ, ಯಾತರಿಂದ ಸತ್ತದ್ದು, ಈ ಮೂರು ಕಾಲಂ ತುಂಬದಿದ್ದರೆ ಆಕೆಗೆ ಸಮಾಧಾನವಿಲ್ಲ. ಹೊಸ ಕುರ್ಚಿಗೆ ಬಂದ ವಾರವೇ ಒಂದು ಉದ್ದನೆಯ ರಿಜಿಸ್ಟರಿಗೆ ಗೆರೆ ಎಳೆದು ಊರುಗಳನ್ನೆಲ್ಲ ಬರೆದಳು. ಒಪ್ಪಂದಕ್ಕೆ ಸಹಿ ಬಿದ್ದ ದಿನ ಹುಟ್ಟು. ಆ ಕಡೆಯಿಂದ ಕೊನೆಯ ಪತ್ರ ಬಂದು ಮೂರು ವರ್ಷ ದಾಟಿದರೆ ಸಾವು. ಹದಿನಾಲ್ಕು ವರ್ಷದಲ್ಲಿ ರಿಜಿಸ್ಟರ್ ಹೇಳುವುದು ಇಷ್ಟು: ಒಂಬತ್ತು ಸತ್ತಿವೆ, ಎರಡಕ್ಕೆ ಉಸಿರಷ್ಟೇ ಇದೆ, ಒಂದು ಬದುಕಿದೆ. ಆದರೆ ಸಾವಿನ ಕಾಲಂ ಅನ್ನು ಆಕೆ ಪೆನ್ಸಿಲ್ಲಿನಲ್ಲೇ ಬರೆದಿಟ್ಟಿದ್ದಳು. ಸಂಬಂಧ ಕಟ್ಟುವುದಕ್ಕೆ ಪಾಲಿಕೆಯಲ್ಲಿ ಫಾರಂ ಇದೆ, ಬಿಡುವುದಕ್ಕೆ ಇಲ್ಲ. ಆದೇಶವಿಲ್ಲದೆ ಮಸಿಯಲ್ಲಿ ಸಾವು ಬರೆಯುವ ಅಭ್ಯಾಸ ಆಕೆಗೂ ಇಲ್ಲ.

ಈ ಸೋದರಿಯರು ಹುಟ್ಟಿದ ಬಗೆಯನ್ನಂತೂ ಕೇಳಲೇಬೇಡಿ. ಮೇಯರ್ ಆದವರು ಒಮ್ಮೆ ಹೊರದೇಶಕ್ಕೆ ಹೋಗಬೇಕು, ಹೋದಮೇಲೆ ಬರಿಗೈಯಲ್ಲಿ ಬರಬಾರದು, ಒಂದು ಊರನ್ನು ಗಂಟು ಹಾಕಿಕೊಂಡು ಬರಬೇಕು. ದಪ್ಪ ಕಾಗದಕ್ಕೆ ಸಹಿ ಹಾಕಿ, ಶಾಶ್ವತ ಸೋದರತ್ವ ಎಂದು ಭಾಷಣ ಬಿಗಿದು, ಫೋಟೋ ಹಿಡಿಸಿಕೊಂಡರೆ ಮುಗಿಯಿತು. ಯಾವ ಕೆಲಸಕ್ಕೆ ಈ ಸಂಬಂಧ ಎಂದು ಅಲ್ಲಿಯವರೂ ಕೇಳಲಿಲ್ಲ, ಇಲ್ಲಿಯವರೂ ಕೇಳಲಿಲ್ಲ. ಕಚೇರಿಯ ಮುಂದಿನ ವೃತ್ತದಲ್ಲಿ ಒಂದು ಕಬ್ಬಿಣದ ಕಂಬ ನೆಟ್ಟು, ಊರಿಗೊಂದರಂತೆ ಬಾಣದ ಹಲಗೆ ಸಿಕ್ಕಿಸಿ, ಹೆಸರು ಮತ್ತು ದೂರ ಬರೆಸಿದರು. ಕಂಬ ಮಾಡಿದವನು ಹನ್ನೆರಡು ತೂತು ಕೊರೆದಿದ್ದ. ಹನ್ನೆರಡೂ ತುಂಬಿದ ವರ್ಷ ಪಾಲಿಕೆಯ ಸಭೆ ಗಂಭೀರವಾಗಿ ಕೂತು, ಸೋದರಿ ನಗರಗಳ ಸಂಖ್ಯೆ ಹನ್ನೆರಡನ್ನು ಮೀರಕೂಡದು ಎಂದು ಠರಾವು ಮಾಡಿತು. ನಗಬೇಡಿ, ದಾಖಲೆ ಇದೆ.

ಬದುಕಿದ್ದ ಒಂದೇ ಸೋದರಿ ಒಂದು ಸಣ್ಣ ಬಂದರಿನ ಊರು. ಹಿಂದಿನ ಮೇಯರೊಬ್ಬರು ಬೇರೆಲ್ಲಿಗೋ ಹೊರಟವರು ಹಡಗಿನವರ ಮುಷ್ಕರದಿಂದ ಅಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡು, ಹೊತ್ತು ಹೋಗದೆ ಮಾತು ಕೊಟ್ಟು ಬಂದಿದ್ದರು. ಫೋಟೋ ಕೂಡ ಇಲ್ಲ. ಫೋಟೋಗ್ರಾಫರ್ ಸಾಮಾನಿನ ಜೊತೆ ಮುಂದೆ ಹೋಗಿಬಿಟ್ಟಿದ್ದ. ಆದರೆ ಬೀಗರಮ್ಮ ಬರೆದ ಮೊದಲ ಪತ್ರಕ್ಕೆ ಆ ಊರಿನ ನೀರು ಸರಬರಾಜಿನ ಎಂಜಿನಿಯರಮ್ಮ ಆರನೇ ದಿನ ಉತ್ತರ ಬರೆದಳು. ನಿಮ್ಮ ಊರಿಗೆ ಏನು ತೊಂದರೆ ಎಂದು ಕೇಳಿದ್ದಳು. ಹನ್ನೆರಡು ಊರಲ್ಲಿ ಆ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ಬೀಗರಮ್ಮ ಕೆಳಗಿಳಿದು ನೀರಿನ ವಿಭಾಗದಲ್ಲಿ ವಿಚಾರಿಸಿ ಬರೆದಳು: ಟ್ಯಾಂಕಿನಿಂದ ಬಿಟ್ಟ ನೀರಿನಲ್ಲಿ ಮೂರರಲ್ಲೊಂದು ಪಾಲು ನೆಲದೊಳಗೇ ಸೋರಿ ಹೋಗುತ್ತಿದೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಅವರೂರಲ್ಲಿ ಸೋರಿಕೆಯನ್ನು ಕಿವಿಯಿಂದ ಹುಡುಕುವ ಕೆಲಸಗಾರರಿದ್ದರು. ಬೀದಿ ಎಚ್ಚರಾಗುವ ಮುಂಚೆ ರಸ್ತೆಗೆ ಮರದ ಕೋಲು ಊರಿ, ಮೇಲಿನ ತುದಿಗೆ ಕಿವಿ ಒತ್ತಿ, ಪೈಪಿನ ಸದ್ದು ಕೇಳುತ್ತಾ ಹೋಗುವುದು. ಇಲ್ಲಿಂದ ಒಬ್ಬ ವಾಲ್ವ್‌ಮ್ಯಾನ್ ಹೋಗಿ ಮೂರು ವಾರ ಇದ್ದು ಕಲಿತು ಬಂದ. ಅಂದಿನಿಂದ ಅವನ ಹೆಸರು ಕಿವಿಯಣ್ಣ. ಎರಡು ವಾರ್ಡಿನಲ್ಲಿ ನಲವತ್ತೊಂದು ಸೋರಿಕೆ ಹಿಡಿದ. ವರ್ಷಗಟ್ಟಲೆ ಗಾಳಿ ಬಿಡುತ್ತಿದ್ದ ಮೇಲಿನ ಮಹಡಿಯ ನಲ್ಲಿಗಳಲ್ಲಿ ನೀರು ಬಂತು. ಇನ್ನು ಹಳೇ ಮಾರುಕಟ್ಟೆಯ ವಾರ್ಡು. ಅಲ್ಲಿ ಹಗಲೂ ರಾತ್ರಿ ಗಾಡಿಗಳ ಗದ್ದಲ, ಕೋಲು ಸಾಲದು, ಗದ್ದಲದಲ್ಲೂ ಸೋರಿಕೆಯ ಸದ್ದು ಹಿಡಿಯುವ ಯಂತ್ರವೇ ಬೇಕು. ಮೂರು ಯಂತ್ರಗಳನ್ನು ಎರವಲಾಗಿ ತಾನೇ ಹೊತ್ತು ತರುತ್ತೇನೆ ಎಂದು ಎಂಜಿನಿಯರಮ್ಮ ಬರೆದಳು. ಒಂದೇ ಷರತ್ತು, ಒಪ್ಪಂದ ಚಾಲ್ತಿಯಲ್ಲಿರಬೇಕು.

ಆ ವಾರ್ಡಿನಲ್ಲೇ ಬೀಗರಮ್ಮನ ಸ್ವಂತ ಅಕ್ಕ ಇರುವುದು, ಮೂರನೇ ಮಹಡಿಯಲ್ಲಿ. ಅಕ್ಕನಿಗೆ ಅರವತ್ತೆರಡು, ಎರಡು ಮಂಡಿಯೂ ಕೈಕೊಟ್ಟಿವೆ. ದಿನಾ ಕೆಳಗಿನ ನಲ್ಲಿಯಿಂದ ಆರು ಬಕೆಟ್ ನೀರು ಮೇಲೆ ಹೊರಬೇಕು.

"ನಿನ್ನ ಕೋಲಿನವರು ನಮ್ಮ ಬೀದಿಗೆ ಯಾವಾಗ ಬರ್ತಾರೇ?" ಎಂದು ಅಕ್ಕ ಫೋನಿನಲ್ಲಿ ಕೇಳುತ್ತಿದ್ದಳು.

"ಈ ತಿಂಗಳ ಕೊನೇಲಿ ಕಣಕ್ಕ. ಈ ಸಲ ಯಂತ್ರಾನೇ ಬರುತ್ತೆ."

"ನಾನು ಮೇಲೆ ಹೋಗೋದರೊಳಗೆ ಬರುತ್ತಾ?"

"ಏನಕ್ಕ ಮಾತು ಇದು!"

"ಅಯ್ಯೋ, ಮೂರನೇ ಮಹಡಿಗೆ ಕಣೇ. ಬಕೆಟ್ ಕೈಲಿದೆ."

ಒಂದು ಊರು ತನ್ನ ಸೋದರಿಯರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಬಗ್ಗೆ ಬೀಗರಮ್ಮ ಒಂದೂವರೆ ಪುಟದ ಟಿಪ್ಪಣಿ ಬರೆದಿದ್ದಳು. ಮೊದಲು ಕೆಲಸ ಹುಡುಕಿ, ಆಮೇಲೆ ಊರು ಹುಡುಕಿ. ಮೇಯರ್ ಬದಲಾದರೂ ನಡೆಯುವಂತೆ ಎರಡು ಕಡೆಯೂ ಒಬ್ಬೊಬ್ಬ ಕೆಲಸಗಾರನ ಹೆಸರು ಬರೆಯಿರಿ. ವರ್ಷಕ್ಕೊಮ್ಮೆ ಏನಾಯಿತು ಎಂದು ಕೇಳಿ. ಪ್ರತಿ ಒಪ್ಪಂದಕ್ಕೂ ಒಂದು ಕೊನೆಯ ದಿನಾಂಕ ಇರಲಿ, ಆ ದಿನ ಬೇಕೋ ಬೇಡವೋ ಎಂದು ಯೋಚಿಸಿ ಮುಂದುವರಿಸಿ. ಬೇಡವಾದರೆ ಒಂದು ಒಳ್ಳೆಯ ಪತ್ರ ಬರೆದು ಮರ್ಯಾದೆಯಿಂದ ಬೀಳ್ಕೊಡಿ. ಈ ಟಿಪ್ಪಣಿ ನಾಲ್ಕು ಮೇಯರುಗಳ ಮೇಜಿಗೆ ಹೋಗಿ ನಾಲ್ಕು ಸಲವೂ 'ನೋಡಲಾಗಿದೆ, ಕಡತಕ್ಕೆ' ಎಂಬ ಒಂದೇ ಷರಾ ಹೊತ್ತು ಹಿಂದೆ ಬಂತು. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಅಷ್ಟೇ ಹೋಯಿತು ಎಂದು, ಬಂದರಿನ ಊರಿನ ಒಪ್ಪಂದದ ಕರಡನ್ನು ಆಕೆ ಮತ್ತು ಎಂಜಿನಿಯರಮ್ಮ ತಾವೇ ಪತ್ರಗಳಲ್ಲಿ ಚರ್ಚಿಸಿ ಆ ಟಿಪ್ಪಣಿಯಂತೆ ಬರೆದಿದ್ದರು. ಅವಧಿ ಐದು ವರ್ಷ. ಅದು ಈ ತಿಂಗಳ ಕೊನೆಯ ದಿನ ಮುಗಿಯುತ್ತಿತ್ತು. ಮುಂದುವರಿಸಲು ಮೇಯರರ ಒಂದು ಸಹಿ ಬೇಕಿತ್ತು, ಕಡತ ಕಳಿಸಿ ಮೂರು ತಿಂಗಳಾಗಿತ್ತು.

ಕೊನೆಗೆ ಒಂದು ದಿನ ಮೇಯರರ ಆಪ್ತ ಸಹಾಯಕ ತಾನೇ ಮೆಟ್ಟಿಲು ಹತ್ತಿ ಬಂದ. ಮೆತ್ತನೆ ಮಾತಿನ, ಗರಿಗರಿ ಅಂಗಿಯ ಮನುಷ್ಯ. ಅವನು ಮಹಡಿ ಹತ್ತಿ ಬಂದನೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಕಚೇರಿಗೆಲ್ಲ ಗೊತ್ತು.

"ಮೇಡಂ, ಸಾಹೇಬರು ಒಂದು ಹೊಸ ಊರು ನೋಡಿದ್ದಾರೆ. ದೊಡ್ಡ ಊರು, ಎತ್ತರದ ಗೋಪುರ ಇದೆ. ಬರೋ ಒಂದನೇ ತಾರೀಕು ಸಹಿ."

"ಹದಿಮೂರನೇದು ಹೇಗೆ ಆಗುತ್ತೆ? ಠರಾವು ಇದೆಯಲ್ಲ."

"ಅದಕ್ಕೇ ಬಂದೆ. ಒಂದು ಖಾಲಿ ಆಗಬೇಕು."

ಬೀಗರಮ್ಮನ ಎದೆ ಹಗುರಾಯಿತು. ಕೊನೆಗೂ ಯಾರೋ ಕೇಳಿದರು! ರಿಜಿಸ್ಟರ್ ತೆಗೆದು ಅವನ ಮುಂದೆ ಹರಡಿದಳು. "ಒಂಬತ್ತು ಇವೆ, ಯಾವುದು ಬೇಕೋ ತಗೊಳ್ಳಿ. ಇದು ಹನ್ನೆರಡು ವರ್ಷದಿಂದ ಒಂದು ಕಾಗದ ಹಾಕಿಲ್ಲ. ಇದರ ವಿಳಾಸಕ್ಕೆ ಬರೆದರೆ ಪತ್ರವೇ ವಾಪಸ್ ಬರುತ್ತೆ."

ಅವನು ರಿಜಿಸ್ಟರ್ ಕಡೆ ನೋಡಲೂ ಇಲ್ಲ. "ಅವೆಲ್ಲ ಶಾಶ್ವತ ಅಂತ ಬರೆದಿರೋವು ಮೇಡಂ, ತೆಗೆಯೋಕೆ ಬರಲ್ಲ. ಮೇಲಾಗಿ ಅವನ್ನ ಕಟ್ಟಿದ ಮೇಯರುಗಳು ಇನ್ನೂ ಸಭೇಲೇ ಕೂತಿದ್ದಾರೆ, ಹಲಗೆ ಮುಟ್ಟಿದರೆ ರಂಪ ಮಾಡ್ತಾರೆ. ಅವಧಿ ಮುಗಿಯೋದು ಒಂದೇ ಒಂದು."

"ಯಾವುದು?" ಎಂದು ಕೇಳುವಾಗಲೇ ಆಕೆಗೆ ಗೊತ್ತಾಗಿತ್ತು.

"ಬಂದರಿನದು. ಏನೂ ಮಾಡೋದೇ ಬೇಡ, ಸಹಿ ಹಾಕದೆ ಸುಮ್ಮನಿದ್ದರೆ ಸಾಕು, ತಾನಾಗೇ ಹೋಗುತ್ತೆ. ಕೊನೆಯ ದಿನಾಂಕ ಹಾಕಿ ಅಂತ ನೀವೇ ಬರೆದಿದ್ದೀರಲ್ಲ! ಒಳ್ಳೆ ಕೆಲಸ ಮಾಡಿದ್ರಿ."

ಬೀಗರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷದಲ್ಲಿ ಆ ಟಿಪ್ಪಣಿಯನ್ನು ಪೂರ್ತಿ ಓದಿದವನು ಇವನೊಬ್ಬ, ಓದಿದ್ದು ಇದಕ್ಕೆ. ಕಡತ ಎತ್ತಿಕೊಂಡು ನೆಟ್ಟಗೆ ಮೇಯರರ ಕೋಣೆಗೆ ನಡೆದಳು. ಮೇಯರರು ಗೋಪುರದ ಚಿತ್ರ ನೋಡುತ್ತಾ ಕೂತಿದ್ದರು. ಸೋರಿಕೆ, ಯಂತ್ರ, ಮಾರುಕಟ್ಟೆ ವಾರ್ಡು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಠರಾವು ತಿದ್ದಿ ಎಂದಳು. ಸಭೆ ಇನ್ನೆರಡು ತಿಂಗಳು ಆಚೆಗಿದೆ ಎಂದರು. ಹಾಗಾದರೆ ಹೊಸದನ್ನು ಎರಡು ತಿಂಗಳು ತಡಮಾಡಿ ಎಂದಳು.

"ನೋಡಮ್ಮಾ," ಎಂದರು ಮೇಯರರು ಸಮಾಧಾನವಾಗಿ, "ಒಪ್ಪಂದ ಇಲ್ಲದಿದ್ದರೆ ಏನಂತೆ? ಸ್ನೇಹ ಎಲ್ಲಿ ಹೋಗುತ್ತೆ? ಆ ಯಮ್ಮನಿಗೆ ಒಂದು ಹೂಗುಚ್ಛ ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ."

"ಹೂಗುಚ್ಛದಿಂದ ಪೈಪ್ ಸೋರೋದು ನಿಲ್ಲಲ್ಲ ಸರ್."

ಮೇಯರರು ನಕ್ಕರು. ನಕ್ಕರಲ್ಲ, ಅದೇ ಆಕೆಗೆ ತಡೆಯಲಾಗಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ತಿಂಗಳ ಕೊನೆಯ ದಿನ ಎಂಜಿನಿಯರಮ್ಮ ಮೂರು ಪೆಟ್ಟಿಗೆಗಳ ಜೊತೆ ಬಂದಳು. ಬರಬೇಡಿ ಎಂದು ಬರೆಯಲು ಬೀಗರಮ್ಮನಿಗೆ ಕೈ ಬಂದಿರಲಿಲ್ಲ. ಎದುರಿಗೆ ಬಂದು ನಿಂತರೆ ಮೇಯರರ ಮನಸ್ಸು ಕರಗೀತು ಎಂಬ ಆಸೆ. ಬಂದವಳು ಕುಳ್ಳನೆಯ, ಕೂದಲು ನರೆತ, ಜೋರು ನಡಿಗೆಯ ಹೆಂಗಸು. ತನ್ನ ಊರಿನ ಸಹಿ ಬಿದ್ದ ಕಾಗದ ಚೀಲದಲ್ಲೇ ಇತ್ತು. ಇಬ್ಬರೂ ಮೇಯರರ ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆಯಿಂದ ನಾಲ್ಕು ಗಂಟೆವರೆಗೆ ಕೂತರು. ಒಳಗೆ ನಾಳೆಯ ಸಮಾರಂಭದ ಕುರ್ಚಿಗಳ ಚರ್ಚೆ. ನಾಲ್ಕಕ್ಕೆ ಆಪ್ತ ಸಹಾಯಕ ಬಂದು, ಸಾಹೇಬರು ಹಿಂದಿನ ಬಾಗಿಲಿಂದ ಹೊರಟರು ಎಂದ.

ಬೀಗರಮ್ಮ ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ವಿಷಯ ತಿಳಿಸಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಎಂಜಿನಿಯರಮ್ಮ ಪೆಟ್ಟಿಗೆಗಳ ಪಟ್ಟಿಯನ್ನು ಒಂದೊಂದಾಗಿ ಬಿಗಿದಳು. ಒಪ್ಪಂದವಿಲ್ಲದೆ ಯಂತ್ರ ಬಿಟ್ಟುಹೋದರೆ ಅವಳ ಕೆಲಸಕ್ಕೇ ಕುತ್ತು. ಆದರೆ ತಾನು ಮೂವತ್ತು ವರ್ಷ ಬಳಸಿದ ಸ್ವಂತ ಕೋಲೊಂದಿತ್ತು, ಅದನ್ನು ಚೀಲದಿಂದ ತೆಗೆದು ಬೀಗರಮ್ಮನ ಕೈಗಿಟ್ಟಳು. ಗೋಡೆಯೊಳಗಿನ ಸಣ್ಣ ಪೈಪಿಗೂ ಆಗುತ್ತದೆ ಎಂದು ಬೆರಳಿನಿಂದ ಗೋಡೆ ಬಡಿದು ತೋರಿಸಿದಳು.

ಅದನ್ನಾದರೂ ಉಳಿಸಿಕೊಟ್ಟರಾ? ಹೊರದೇಶದ ಅತಿಥಿ ಕೊಟ್ಟದ್ದೆಲ್ಲ ಪಾಲಿಕೆಯ ಕಾಣಿಕೆ, ನಿಯಮ. ಮಾರನೇ ದಿನ ಕಿವಿಯಣ್ಣ ಕೋಲು ಕೇಳಲು ಬರುವಷ್ಟರಲ್ಲಿ ಅದು ಮೇಯರರ ಕೋಣೆಯ ಗಾಜಿನ ಕಪಾಟು ಸೇರಿ, ಕೆಳಗೆ 'ಸೋದರಿ ನಗರದ ನೆನಪಿನ ಕಾಣಿಕೆ' ಎಂಬ ಚೀಟಿಯೂ ಅಂಟಿಕೊಂಡಿತ್ತು. ಕಿವಿಯಣ್ಣ ಗಾಜಿನ ಮುಂದೆ ನಿಂತು, "ಇದು ಕಿವಿಗೆ ಹಿಡಿಯೋದು ಅಂತ ಇವರಿಗೆ ಯಾರಾದರೂ ಹೇಳಿದ್ರಾ?" ಎಂದ. ಕೆಳಗೆ ವೃತ್ತದಲ್ಲಿ ವೆಲ್ಡಿಂಗ್‌ನವನು ಏಣಿ ಹತ್ತಿ ಬಂದರಿನ ಊರಿನ ಹಲಗೆ ಬಿಚ್ಚುತ್ತಿದ್ದ.

ಸಂಜೆ ಬೀಗರಮ್ಮನ ಮೇಜಿಗೆ ಆದೇಶ ಬಂತು, ಮೊಹರು, ಸಂಖ್ಯೆ ಎಲ್ಲ ಸರಿಯಾಗಿದ್ದ ಆದೇಶ. ಅವಧಿ ಮುಗಿದ ಕಾರಣ ಸಂಬಂಧ ಕೊನೆಗೊಂಡಿದೆ. ರಿಜಿಸ್ಟರ್ ತೆಗೆದಳು. ಸತ್ತ ಒಂಬತ್ತರ ಮುಂದೆ ಪೆನ್ಸಿಲ್ಲಿನ ಮಾಸಲು ಗುರುತು ಹಾಗೇ ಇತ್ತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಸಾವಿನ ಕಾಲಂನಲ್ಲಿ ಮಸಿಯಿಂದ ಬರೆಯುವ ಅಧಿಕಾರ ಸಿಕ್ಕಿತ್ತು, ಅದೂ ಬದುಕಿದ್ದ ಒಂದಕ್ಕೆ. ಬರೆದಳು. ಅಕ್ಷರ ದುಂಡಗೇ ಬಂತು, ಹಳೆಯ ಅಭ್ಯಾಸ.

ಮನೆಗೆ ಹೋಗಲು ಮನಸ್ಸಾಗದೆ ಅಕ್ಕನ ಮನೆ ಕಡೆ ನಡೆದಳು. ಅಕ್ಕ ಮೆಟ್ಟಿಲ ಬುಡದಲ್ಲಿ ಎರಡು ತುಂಬಿದ ಬಕೆಟ್ ಇಟ್ಟುಕೊಂಡು ಸುಧಾರಿಸಿಕೊಳ್ಳುತ್ತಿದ್ದಳು.

"ಬಂದರೇನೇ ಯಂತ್ರದವರು?"

"ಬಂದರು. ವಾಪಸ್ ಕಳಿಸಿದ್ವಿ." ಬೀಗರಮ್ಮ ಎರಡೂ ಬಕೆಟ್ ಎತ್ತಿಕೊಂಡಳು. "ನಾನೇ ಕೊಂದೆ ಅಕ್ಕ. ನೆಟ್ಟಗೆ ಇರಲಿ ಅಂತ ನಾನೇ ಒಂದು ತಾರೀಕು ಬರೆದೆ, ಅದೇ ಕುತ್ತಿಗೆಗೆ ಬಂತು."

ಅಕ್ಕನಿಗೆ ಏನು ಅರ್ಥವಾಯಿತೋ ಬಿಟ್ಟಿತೋ. ತಂಗಿಯ ಮುಖ ನೋಡಿದಳು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಅವಳ ಹಿಂದೆ ಹತ್ತತೊಡಗಿದಳು.

"ಆಯ್ತು, ಈಗ ಅಳಬೇಡ," ಎಂದಳು. "ನೀರು ಚೆಲ್ಲುತ್ತೆ, ನೋಡ್ಕೊಂಡು ಹತ್ತು."