ಸಣ್ಣ ದನಿಯ ತೋಡಿ

ಔರಾದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮನೆ ಬೀದರಿನಲ್ಲಿ. ನಾನು ದಿನವೂ ಬಸ್ಸಿನಲ್ಲಿ ನಿಂತು ಬರುವುದನ್ನು ಕಂಡು, ಬೀದರಿನವರೇ ಆದ ಗಣಿತದ ಹಿರಿಯ ಮೇಷ್ಟ್ರು ತಮ್ಮ ಕಾರಿನಲ್ಲಿ ಕರೆದೊಯ್ಯತೊಡಗಿದರು. ಅವರ ಮನೆಮಾತು ದಖನಿ ಉರ್ದು, ನನ್ನೊಡನೆ ಕನ್ನಡ. ಕಾರು ಊರು ದಾಟುತ್ತಲೇ ಹಾಡು ಹಚ್ಚುತ್ತಿದ್ದರು. ಎಂದಿಗೂ ಅದೊಂದೇ: ಹಿರಿಯ ಗಾಯಕಿಯೊಬ್ಬರು ಹಾಡಿದ ತೋಡಿ ರಾಗ.

ನಾನು ಮೆಥಡಿಸ್ಟ್ ಮನೆತನದವನು, ಚರ್ಚಿನ ಹಾಡುಗಳಲ್ಲಿ ಬೆಳೆದವನು. ನಮ್ಮ ಹಾಡಿನ ಸಾಲು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಇಡೀ ಸಭೆಗೆ ಗೊತ್ತಿರುತ್ತದೆ. ಈ ಗಾಯಕಿಯೋ ಎರಡು ಸಾಲು ಹಿಡಿದುಕೊಂಡರೆ ದಾರಿಯ ಜನವಾಡ ಊರು ದಾಟಿದರೂ ಬಿಡುತ್ತಿರಲಿಲ್ಲ. ಅದೂ ಕಿಟಕಿಯ ಗಾಜು ನಡುಗುವಷ್ಟು ಜೋರು. ಕೆಲವು ದಿನ ತಡೆದುಕೊಂಡು ಕೊನೆಗೆ ಬಾಯಿಬಿಟ್ಟೆ.

"ಸರ್, ತಲಿ ನೋಯ್ತದ್ರಿ. ಸ್ವಲ್ಪ ಸಣ್ಣ ಮಾಡ್ತೀರೇನ್ರಿ?"

"ಅರೆ, ಮೊದ್ಲೇ ಹೇಳೂದಲ್ರಿ ಮಾಸ್ತರ!" ಎಂದು ಕೂಡಲೇ ತಗ್ಗಿಸಿದರು. ಮತ್ತೆಂದೂ ಏರಿಸಲಿಲ್ಲ.

ಆಮೇಲೆ ಹಾಡು ನನ್ನ ಪಾಡಿಗೆ ನನ್ನನ್ನು ಬಿಟ್ಟಿತು. ನಾನು ಅಂದಿನ ಪಾಠ ಯೋಚಿಸುತ್ತ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಕಬ್ಬು ತುಂಬಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆವು. ದಾರಿ ಬಿಡುವವರೆಗೆ ಬೇರೆ ಕೆಲಸವಿರಲಿಲ್ಲ, ಕೇಳಿದೆ. ಗಾಯಕಿ ಮೆಲ್ಲಗೆ ಏರುತ್ತ ಒಂದು ಸ್ವರದ ಬಾಗಿಲಿನವರೆಗೆ ಹೋಗಿ, ಒಳಗೆ ಕಾಲಿಡದೆ ತಿರುಗಿ ಬಂದರು. ನನಗೆ ಅರಿವಿಲ್ಲದೆಯೇ ಉಸಿರು ಹಿಡಿದಿದ್ದೆ. ಮರುದಿನ ಅದೇ ಜಾಗಕ್ಕಾಗಿ ಕಾದೆ. ಹಾಗೆ ಕಾಯುತ್ತ ಅದರ ಹಿಂದಿನದು, ಮುಂದಿನದು ಪರಿಚಯವಾಯಿತು. ಒಂದೇ ಎಂದುಕೊಂಡಿದ್ದ ಸಾಲು ಪ್ರತಿ ಸಲವೂ ಬೇರೆಯಾಗಿ ಬರುತ್ತಿತ್ತು. ಮಳೆಗಾಲ ಬರುವ ಹೊತ್ತಿಗೆ, ಭಾನುವಾರ ಚರ್ಚಿನಲ್ಲಿ ಪ್ರಾರ್ಥನೆಯ ನಡುವೆ ತೋಡಿ ಗುನುಗಿ ಹೆಂಡತಿಯಿಂದ ಮೊಣಕೈ ತಿವಿಸಿಕೊಳ್ಳುವಷ್ಟು ಅದು ನನ್ನೊಳಗೆ ಇಳಿದಿತ್ತು.

ಮೇಷ್ಟ್ರ ಮಗಳನ್ನು ಭಾಲ್ಕಿಗೆ ಕೊಟ್ಟಿದ್ದರು. ರಜೆಯ ದಿನವೊಂದರಲ್ಲಿ ಅವರೊಡನೆ ನಾನೂ ಅಲ್ಲಿಗೆ ಊಟಕ್ಕೆ ಹೋದೆ. ಮೇಷ್ಟ್ರು ಕೈತೊಳೆಯಲು ಎದ್ದಾಗ ಆಕೆಯ ಮುಂದೆ ಉಬ್ಬಿ ಹೇಳಿದೆ: "ನಿಮ್ಮ ಅಬ್ಬಾರಿಂದ ನನಗ ಹಾಡು ಕೇಳೂದು ಬಂತ್ರಿ. ಹೋಗ್ತಾ ಬರ್ತಾ ಇಬ್ರೂ ಕೇಳ್ತೇವಿ. ಸಣ್ಣಗ ಹಚ್ಚಿದ್ರ ಎಷ್ಟು ಛಲೋ ಇರ್ತದ್ರಿ."

ಆಕೆಯ ಕೈಯ ಸೌಟು ನಿಂತಿತು. "ಸಣ್ಣಗ? ಅಬ್ಬಾಗ ಹ್ಯಾಂಗ ಕೇಳಸ್ತದ್ರಿ ಸರ್? ಒಂದು ಕಿವಿ ಪೂರಾ ಹೋಗ್ಯಾದ, ಇನ್ನೊಂದು ಅರ್ಧ. ಮಾತಾಡಿದ್ರ ತಿಳೀತದ. ಹಾಡು ಮಾತ್ರ ಜೋರ್ ಹಚ್ಚಬೇಕ್ರಿ. ಮನ್ಯಾಗ ಮಂದಿ ಬೈತಾರಂತ ಕಾರಿನ್ಯಾಗ ಕೇಳ್ತಿದ್ರು."

ಅಷ್ಟೂ ತಿಂಗಳು ನನ್ನ ತಲೆನೋವಿನ ಸಲುವಾಗಿ ಅವರು ಮೂಕ ಕಾರು ಓಡಿಸಿದ್ದರು. ಪಕ್ಕದಲ್ಲೇ ಕುಳಿತು ನಾನು ಹಾಡಿನ ಸುಖ ಉಣ್ಣುತ್ತಿದ್ದೆ.

ಬೀದರಿಗೆ ಮರಳುವಾಗ ಕೇಳಿದೆ, "ನನಗ ಯಾಕ ಹೇಳಿಲ್ರಿ ಸರ್?"

"ಏನ್ ಹೇಳ್ಬೇಕ್ರಿ? ನೀವು ಕೇಳ್ಕೋತ ಕುಂತಿದ್ರಿ. ನಾ ರಸ್ತಾ ನೋಡ್ತಿದ್ದೆ."

ನಾನೇ ದನಿ ಪೂರ್ತಿ ಏರಿಸಿದೆ. ಅವರ ಹುಬ್ಬು ಸಡಿಲವಾಯಿತು. ಆದರೆ ಹಳೆಯ ಸ್ಪೀಕರು ಅಷ್ಟು ಜೋರಿಗೆ ಒಡೆದು ಗೊರಗೊರ ಎನ್ನುತ್ತಿತ್ತು. ನಾನು ಮೆಚ್ಚಿದ್ದ ಒಂದು ಎಳೆಯೂ ಅದರಲ್ಲಿ ಸಿಗಲಿಲ್ಲ. ಮುಖ ಕಿವಿಚಬಾರದೆಂದು ಹೊರಗೆ ನೋಡುತ್ತ ಕುಳಿತೆ. ಅವರಿಗೆ ಗೊತ್ತಾಗಿಯೇ ಹೋಯಿತು. ಕೈಚಾಚಿ ತಗ್ಗಿಸಿದರು. ನಾನು ಏರಿಸಿದೆ, ಅವರು ಮತ್ತೆ ತಗ್ಗಿಸಿದರು. ನಾಚಿಕೆಯ ಮಾತೆಂದರೆ, ಮೂರನೆಯ ಸಲ ನಾನು ಕೈ ಚಾಚಲಿಲ್ಲ.

ನನ್ನ ಒತ್ತಾಯಕ್ಕೆ ಬೀದರಿನಲ್ಲಿ ಕಿವಿಗೆ ಮಶೀನು ಹಾಕಿಸಿಕೊಂಡರು. ತರಗತಿಯಲ್ಲಿ ಅನುಕೂಲವಾಯಿತು, ಹಾಡು ಮಾತ್ರ ತಗಡು ಬಡಿದಂತಾಗುತ್ತದೆ ಎಂದು ಕಾರಿನಲ್ಲಿ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಆದರೂ ದಿನಾಲು ಹಾಡು ಹಚ್ಚುವುದನ್ನು ಬಿಟ್ಟಿಲ್ಲ. ಅದು ಈಗ ನನಗಾಗಿಯೇ ಎಂಬುದು ಇಬ್ಬರಿಗೂ ಗೊತ್ತು.

ಹೋದ ವಾರ ಔರಾದ ಸಮೀಪಿಸುತ್ತಿದ್ದಾಗ ಗಾಯಕಿಯ ಬಗ್ಗೆ ಕೇಳಿದರು, "ಜಲ್ದಿ ಹಾಡೂದು ಸುರು ಮಾಡ್ಯಾರೇನ್ರಿ ಬಾಯಿಯವರು?"

"ಹೌದ್ರಿ ಸರ್, ಈಗ ಸುರು ಮಾಡ್ಯಾರ," ಎಂದು ಕೂಗಿ ಹೇಳಿದೆ.

ಅವರು ನಕ್ಕು, ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದರು. ತಾಳ ಹಾಡಿಗಿಂತ ಹಿಂದೆ ಬೀಳುತ್ತಿತ್ತು. ನಾನು ಅವರ ತಾಳಕ್ಕೇ ತಲೆದೂಗಿದೆ.