ಚಾಯ್ಸ್‌ನಲ್ಲಿ ಬಿಟ್ಟ ಅಧ್ಯಾಯ

ಪಾಲಿಟೆಕ್ನಿಕ್‌ನಲ್ಲಿ ನಮಗೆ ಕಾಂಕ್ರೀಟು ಕಲಿಸಿದ ಮೇಷ್ಟ್ರು ತರಗತಿಗೆ ಒಂದು ತುಂಡು ಕಬ್ಬಿಣವನ್ನಾಗಲಿ, ಒಂದು ಹಿಡಿ ಜಲ್ಲಿಯನ್ನಾಗಲಿ ಎಂದೂ ತಂದವರಲ್ಲ. ಹಳದಿಗೆ ತಿರುಗಿದ ಇಂಗ್ಲಿಷ್ ನೋಟ್ಸು ತರುತ್ತಿದ್ದರು, ಓದುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಕಾಂಕ್ರೀಟು ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ; ಎಲ್ಲಿ ಎಳೆತ ಬೀಳುತ್ತದೋ ಅಲ್ಲಿ ಕಬ್ಬಿಣ ಇರಬೇಕು. ಆ ವಿದ್ಯೆಯ ಬುಡ ಇಷ್ಟೇ. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಅರ್ಥ ಕೇಳಿದ್ದರೆ ಎಚ್ಚರವಾಗಿದ್ದಾಗಲೂ ಹೇಳಲು ಬರುತ್ತಿರಲಿಲ್ಲ.

ಎರಡು ಗೋಡೆಗಳ ಮೇಲೆ ಕೂತ ತೊಲೆಯ ಲೆಕ್ಕ ಪರೀಕ್ಷೆಗೆ ತಪ್ಪದೆ ಬರುತ್ತಿತ್ತು. ಭಾರ ಬಿದ್ದರೆ ತೊಲೆಯ ನಡು ಜಗ್ಗುತ್ತದೆ, ಎಳೆತವೆಲ್ಲ ಕೆಳಮೈಗೆ, ಆದ್ದರಿಂದ ಕಂಬಿ ಕೆಳಗೆ. ಅದನ್ನು ಅರೆದು ಕುಡಿದಿದ್ದೆ. ಒಂದು ಕಡೆ ಮಾತ್ರ ಗೋಡೆಯನ್ನು ಕಚ್ಚಿಕೊಂಡು ಇನ್ನೊಂದು ತುದಿ ಗಾಳಿಯಲ್ಲಿ ಚಾಚಿರುವ ಹಲಗೆಯ ಅಧ್ಯಾಯ ಪುಸ್ತಕದ ಕೊನೆಯಲ್ಲಿತ್ತು. ಎಲ್ಲ ಪ್ರಶ್ನೆಗೂ ಉತ್ತರಿಸಬೇಕೆಂದಿರಲಿಲ್ಲ, ಹಾಗಾಗಿ ಅದನ್ನು ಚಾಯ್ಸ್‌ನಲ್ಲಿ ಬಿಟ್ಟೆ. ಮೊದಲ ದರ್ಜೆ ಬಂತು. ಸಾಗರದಲ್ಲಿ ಅಮ್ಮ ನೆರೆಮನೆಗಳಿಗೆಲ್ಲ ಸಕ್ಕರೆ ಹಂಚಿದಳು.

ಅವು ಅರವತ್ತರ ದಶಕದ ಮೊದಲ ವರ್ಷಗಳು. ಪಳಗಿದ ಓವರ್ಸಿಯರುಗಳೆಲ್ಲ ಶರಾವತಿಯ ಅಣೆಕಟ್ಟಿನ ಕೆಲಸಕ್ಕೆ ಹೋಗಿಬಿಟ್ಟಿದ್ದರಿಂದ ಸಣ್ಣಪುಟ್ಟ ಕಟ್ಟಡಗಳು ನನ್ನಂಥ ಎಳಸುಗಳ ಪಾಲಿಗೆ ಬಂದವು. ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಟ್ಟುತ್ತಿದ್ದ ಆಸ್ಪತ್ರೆಯ ಉಸ್ತುವಾರಿಗೆ ನನ್ನನ್ನು ಹಾಕಿದರು. ನೌಕರಿ ತಾತ್ಕಾಲಿಕ, ಆದರೂ ಮೊದಲ ಸಂಬಳದಲ್ಲಿ ಹ್ಯಾಟು ಕೊಂಡೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನು ಹ್ಯಾಟು ಹಾಕಿಕೊಂಡೇ ಬುತ್ತಿ ಉಣ್ಣುತ್ತಿದ್ದೆ.

ಅಲ್ಲಿನ ಮೇಸ್ತ್ರಿ ತೀರ್ಥಹಳ್ಳಿ ಕಡೆಯವರು. ಐವತ್ತು ದಾಟಿತ್ತು, ಆಯುಷ್ಯವೆಲ್ಲ ಕಲ್ಲಿನ ಕೆಲಸದಲ್ಲಿ ಕಳೆದವರು, ಕಾಂಕ್ರೀಟು ಅವರಿಗೂ ಹೊಸದು. ಜೊತೆಗೆ ಗಂಡ ಸತ್ತ ಅವರ ತಂಗಿ ಕಲಸಿದ ಗಾರೆ ಹೊರಲು ಬರುತ್ತಿದ್ದಳು. ನಗುಮೊಗದ ಹೆಂಗಸು. ಓವರ್ಸೀರಯ್ಯನ ಹ್ಯಾಟಿನಲ್ಲಿ ಎಷ್ಟು ಸಿಮೆಂಟು ಹಿಡಿಯುತ್ತದೆ ಅಂತ ಅಳೆದು ನೋಡಬೇಕು ಎಂದು ನನಗೆ ಕೇಳುವಂತೆಯೇ ಆಳುಗಳಿಗೆ ಹೇಳುತ್ತಿದ್ದಳು. ಅಪ್ಪನ ವಯಸ್ಸಿನ ಮೇಸ್ತ್ರಿಯನ್ನು ನಾನು ಏಕವಚನದಲ್ಲೇ ಕೂಗುತ್ತಿದ್ದೆ. ಈಗ ಬರೆಯುವಾಗ ಬಹುವಚನ ಹಾಕುತ್ತಿದ್ದೇನೆ. ಅದರಿಂದ ಯಾರಿಗೂ ಏನೂ ಉಪಯೋಗವಿಲ್ಲ.

ಮುಂಬಾಗಿಲ ಮೇಲೆ ನಾಲ್ಕಡಿ ಮುಂದೆ ಚಾಚುವ ಸಜ್ಜಾ ಹಾಕಬೇಕಿತ್ತು, ರೋಗಿಗಳು ಮಳೆಗೆ ನೆನೆಯದೆ ನಿಲ್ಲಲಿ ಎಂದು. ಅದರ ಕಂಬಿಯ ನಕ್ಷೆ ನನಗೆ ಬಂದಿರಲಿಲ್ಲ, ಸಾಗರದ ಕಚೇರಿಯಲ್ಲಿತ್ತು. ಹೋಗಿ ಬರಲು ಒಂದು ದಿನ ಸಾಕಾಗಿತ್ತು. ಆದರೆ ಮೋಡ ಕಟ್ಟತೊಡಗಿತ್ತು, ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಿದ ಹೆಸರು ನನಗೆ ಬೇಕಿತ್ತು.

ಕಾಂಕ್ರೀಟು ಸುರಿಯಲು ಮರದ ಹಲಗೆ ಜೋಡಿಸಿ ಕೆಳಗೆ ಆಸರೆಯ ಕಂಬ ಕೊಟ್ಟಾದ ಮೇಲೆ ಮೇಸ್ತ್ರಿ ಬಂದು, ಕಂಬಿ ಮೇಲ್ಗಡೆ ಬರಬೇಕೋ ಕೆಳಗಡೆಯೋ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು, ಸುತ್ತ ಆಳುಗಳು ನಿಂತಿದ್ದರು. ಕೆಳಗೆ ಎಂದೆ.

ಅವರು ಹೋಗಲಿಲ್ಲ. ತಲೆ ಕೆರೆದುಕೊಂಡು ನಿಂತರು.

“ಚಾಚಿದ ಕಲ್ಲು ಮೇಲ್ಗಡೆಯಿಂದ ಬಿರೀತದೆ ಸ್ವಾಮಿ, ಗೋಡೆ ಹತ್ರ. ನಾ ಕಣ್ಣಾರೆ ಕಂಡಿದೀನಿ.”

“ಇದು ಕಲ್ಲಲ್ಲ, ಕಾಂಕ್ರೀಟು. ಹೇಳಿದಷ್ಟು ಮಾಡು” ಎಂದೆ.

ಅವರು ಹೇಳಿದಷ್ಟು ಮಾಡಿದರು. ಕಂಬಿಗಳನ್ನು ಅಚ್ಚುಕಟ್ಟಾಗಿ ಕೆಳಗೆ ಹಾಸಿ ಕಟ್ಟಿದರು, ಕಾಂಕ್ರೀಟು ಸುರಿದರು. ತಂಗಿ ದಿನಕ್ಕೆ ಮೂರು ಸಲ ಅದರ ಮೇಲೆ ನೀರು ಹೊಯ್ದಳು. ಎರಡು ವಾರ ಕಳೆದ ಮೇಲೆ ಕಂಬ ತೆಗೆಯಲು ನಾನೇ ಹೇಳಿದೆ. ಮೇಸ್ತ್ರಿ ಒಂದೊಂದಾಗಿ ಬಡಿದು ಎಳೆಯುತ್ತಿದ್ದರು. ಬಿಡಿಸಿದ ಹಲಗೆಗಳನ್ನು ಆಯ್ದುಕೊಳ್ಳಲು ತಂಗಿ ಬಗ್ಗಿದ್ದಳು. ಕೊನೆಯ ಕಂಬ ಹೊರಬಂದದ್ದೇ, ಸಜ್ಜಾ ಪೂರ್ತಿಯಾಗಿ ಕೆಳಕ್ಕೆ ಮಡಚಿಕೊಂಡು ಅವಳ ಮೇಲೆ ಬಿತ್ತು.

ಹಾರೆ ಹಾಕಿ ಎತ್ತುವಾಗ ಅವಳಿಗೆ ಇನ್ನೂ ಜೀವವಿತ್ತು. ಡಾಕ್ಟರು ಹೊಸನಗರದಲ್ಲಿದ್ದರು. ಗಾಡಿಯಲ್ಲಿ ಅರ್ಧ ದಾರಿ ಹೋಗುವಷ್ಟರಲ್ಲಿ ಮುಗಿಯಿತು. ಮೇಸ್ತ್ರಿ ಅಳಲಿಲ್ಲ. ಅವಳ ಕೈಗೆ ಮೆತ್ತಿಕೊಂಡಿದ್ದ ಸಿಮೆಂಟನ್ನು ಉಗುರಿನಿಂದ ಕೆರೆದು ತೆಗೆಯುತ್ತ ಕೂತಿದ್ದರು.

ಮಾರನೆಯ ದಿನ ನಾನು ಒಬ್ಬನೇ ಹೋಗಿ ನೋಡಿದೆ. ಗೋಡೆಯ ಹತ್ತಿರ, ಮೇಲ್ಗಡೆಯಿಂದಲೇ ಬಿರಿದಿತ್ತು. ಅಲ್ಲಿ ಒಂದು ಎಳೆ ಕಬ್ಬಿಣವೂ ಇರಲಿಲ್ಲ. ರೂಮಿಗೆ ಬಂದು ಪೆಟ್ಟಿಗೆಯಿಂದ ಪುಸ್ತಕ ತೆಗೆದು ಆ ಅಧ್ಯಾಯ ಓದಿದೆ. ನಾಲ್ಕೇ ಪುಟ. ಕಾಲು ಗಂಟೆಯಲ್ಲಿ ಅರ್ಥವಾಯಿತು, ಎಂದೂ ಮರೆಯದ ಹಾಗೆ ಅರ್ಥವಾಯಿತು.

ಪೊಲೀಸರ ಪಂಚನಾಮೆ ಮುಗಿದ ಮೇಲೆ ಸಾಗರದಿಂದ ನಮ್ಮ ಸಾಹೇಬರು ನಕ್ಷೆ ಹಿಡಿದು ಜೀಪಿನಲ್ಲಿ ಬಂದರು. ಕಂಬಿಯ ಗೆರೆ ಅದರಲ್ಲಿ ಮೇಲ್ಗಡೆಯೇ ಇತ್ತು. ಬಿದ್ದ ತುಂಡನ್ನು ಬೂಟಿನಿಂದ ತೋರಿಸಿ, ಇಲ್ಲಿ ಕಂಬಿ ಹಾಕಿದ್ದು ಯಾರು ಎಂದು ಕೇಳಿದರು. ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ನಕ್ಷೆ ನೋಡುತ್ತಿದ್ದೆ. ಸಾಹೇಬರು ಇನ್ನೊಂದು ಸಲ ಕೇಳಿದರು.

“ನಾನೇ ಸ್ವಾಮಿ” ಎಂದರು ಮೇಸ್ತ್ರಿ.

ಸುಳ್ಳಲ್ಲ. ಕಂಬಿ ಹಾಕಿದ ಕೈ ಅವರದೇ. ಸೂಚನೆ ಮೀರಿ ಮೇಸ್ತ್ರಿ ತನ್ನ ಬುದ್ಧಿಯಂತೆ ಕೆಲಸ ಮಾಡಿದ್ದಾನೆ ಎಂದು ವರದಿ ಬರೆದದ್ದು ನಾನು, ಮುದ್ದಾದ ಅಕ್ಷರದಲ್ಲಿ. ಏನು ಬರೆದಿದೆ ಎಂದು ಕೇಳದೆ ಅವರು ಹೆಬ್ಬೆಟ್ಟು ಒತ್ತಿದರು. ಆಗ ನನಗೆ ದುಃಖವಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನನಗಾದದ್ದು ಸಮಾಧಾನ. ಗುತ್ತಿಗೆದಾರ ಅವತ್ತೇ ಅವರನ್ನು ಕೆಲಸದಿಂದ ಬಿಡಿಸಿದ. ನನ್ನ ನೌಕರಿ ಮುಂದಿನ ವರ್ಷ ಕಾಯಂ ಆಯಿತು. ಸಜ್ಜಾವನ್ನು ಮತ್ತೆ ಹಾಕಿಸುವಾಗ ಕಂಬಿಯನ್ನು ಮೇಲಕ್ಕೆ ನಾನೇ ಕಟ್ಟಿದೆ, ಆಳುಗಳು ತುಳಿದು ತಗ್ಗಿಸದಂತೆ ಪಕ್ಕದಲ್ಲೇ ನಿಂತು ಕಾದೆ. ಆ ಮೇಲೆ ನಾನು ಹಾಕಿಸಿದ ಯಾವ ಸಜ್ಜಾವೂ ಬೀಳಲಿಲ್ಲ. ಎಂಥ ನಿಗಾ ಇವರದು ಎಂದು ಕಚೇರಿಯಲ್ಲಿ ಹೊಗಳುತ್ತಿದ್ದರು.

ಆ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಆ ಮೇಸ್ತ್ರಿ ತೀರ್ಥಹಳ್ಳಿಯಲ್ಲಿ ಸಿಕ್ಕಿದರು. ಬಸ್ ನಿಲ್ದಾಣದ ಎದುರು ಜಂಬಿಟ್ಟಿಗೆ ಕಲ್ಲಿನ ಕಾಂಪೌಂಡು ಕಟ್ಟುತ್ತಿದ್ದರು. ಕಾಂಕ್ರೀಟಿಗೆ ಯಾರೂ ತಮ್ಮನ್ನು ಕರೆಯುವುದಿಲ್ಲ, ಕರೆದರೂ ಹೋಗುವುದಿಲ್ಲ ಎಂದರು. ಕರಣೆ ಕೆಳಗಿಟ್ಟು, ಕೂತುಕೊಳ್ಳಿ ಎಂದು ಕಲ್ಲು ತೋರಿಸಿದರು.

“ಅದು ಯಾಕೆ ಬಿತ್ತು ಸ್ವಾಮಿ? ನೀವು ಓದ್ದೋರು, ಹೇಳಿ.”

ಹೇಳಿದೆ. ಕಡ್ಡಿಯಿಂದ ನೆಲದ ಮೇಲೆ ಗೋಡೆ ಬರೆದೆ, ಚಾಚಿದ ಹಲಗೆ ಬರೆದೆ. ತುದಿ ತಗ್ಗುತ್ತದೆ, ಮೇಲ್ಮೈಗೆ ಎಳೆತ ಬೀಳುತ್ತದೆ, ಕಬ್ಬಿಣ ಅಲ್ಲಿರಬೇಕು. ಒಂದೂ ಇಂಗ್ಲಿಷ್ ಮಾತು ಬೇಕಾಗಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾರಿಗೂ ಪಾಠ ಹೇಳಿದವನಲ್ಲ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು.

“ಇದು ನಂಗೆ ಅವತ್ತೇ ಗೊತ್ತಿತ್ತಲ್ಲ ಸ್ವಾಮಿ. ಕೆಳಗೆ ಹಾಕು ಅಂದೋರು ಯಾರು ಅನ್ನೋದನ್ನ ನಿಮ್ ಬಾಯಲ್ಲಿ ಒಂದ್ಸಲ ಕೇಳಣ ಅಂತ ಕೂತಿದ್ದೆ.”

ನಾನು ಕೈಯಲ್ಲಿದ್ದ ಕಡ್ಡಿಯಿಂದ ಗೋಡೆಯ ಗೆರೆಯನ್ನೇ ಮತ್ತೆ ತಿದ್ದಿದೆ. ಅವರು ಕರಣೆ ಎತ್ತಿಕೊಂಡು, ನಿಮ್ಮ ಬಸ್ಸು ಹೊರಡ್ತದೆ ನೋಡಿ ಎಂದರು. ನಾನು ಎದ್ದು ಹೋಗಿ ಬಸ್ಸು ಹತ್ತಿದೆ.